ಗುಜರಿಯ ಕಿಟಕಿ, ಅಟ್ಟದ ಲಾಟೀನು: ಮಲೆನಾಡಿನ ಮಳೆಗೆ ತಡೆಯುವಂತೆ ಮನೆ ಅಲಂಕಾರ

"ಹಳೇ ಕಿಟಕಿ ಸಿಕ್ಕಿದೆ, ಕನ್ನಡಿ ಕೂರಿಸಬಹುದಾ?" "ಅಜ್ಜಿ ಕಾಲದ ಹಂಡೆಯಲ್ಲಿ ಗಿಡ ಇಡಬಹುದಾ?" "ಲಾಟೀನಿಗೆ ಬಲ್ಬ್ ಹಾಕಿದರೆ ಶಾಕ್ ಹೊಡೆಯುತ್ತಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮೊದಲ ಎರಡಕ್ಕೆ ಉತ್ತರ ಹೌದು. ಮೂರನೆಯದಕ್ಕೂ ಹೌದು, ಅರ್ತಿಂಗ್ ಕೊಡದಿದ್ದರೆ.

ಹಳೇ ಸಾಮಾನಿಗೆ ಹೊಸ ರೂಪ ಕೊಡುವ ವಿಡಿಯೋಗಳಲ್ಲಿ ಉಜ್ಜುವುದು, ಬಣ್ಣ ಹಚ್ಚುವುದು, ಗೋಡೆಗೆ ನೇತುಹಾಕುವುದು ಎಂದು ಮೂರೇ ಹೆಜ್ಜೆ ಇರುತ್ತವೆ. ಒಣ ಊರುಗಳಿಗೆ ಅಷ್ಟು ಸಾಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ವಿನೋಬನಗರದ ಮನೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಿಲ್ಲುವ ಚೌಕಟ್ಟು ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಮೊದಲ ಆಷಾಢಕ್ಕೇ ಬೂಷ್ಟು ಹಿಡಿಯುವುದು ಇದಕ್ಕೇ. ನಮ್ಮ ಕಡೆ ಆರಿಸುವುದು, ಒಣಗಿಸುವುದು, ಹುಳ ತೆಗೆಯುವುದು ಸೇರಿದರೆ ಮುಕ್ಕಾಲು ಕೆಲಸ ಮುಗಿದಂತೆ. ಚೆಂದ ಮಾಡುವುದು ಉಳಿದ ಕಾಲು ಭಾಗ.

ಮರದ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಜೂನ್‌ನಲ್ಲಿ ಸಾಮಾನು ಸಿಕ್ಕರೆ ಕೊಂಡಿಡಿ, ಕೈ ಹಾಕಬೇಡಿ. ಹಿತ್ತಾಳೆ, ತಾಮ್ರದ ಕೆಲಸಕ್ಕೆ ಈ ಕಟ್ಟು ಇಲ್ಲ.

1. ಎಲ್ಲಿ ಹುಡುಕಬೇಕು, ಏನನ್ನು ಮುಟ್ಟಬಾರದು

ಮರದ ಸಾಮಾನಿಗೆ ಹಳೇ ಮನೆ ಕೆಡವುವ ಗುತ್ತಿಗೆದಾರರನ್ನು ಹಿಡಿಯಿರಿ. ಗುಜರಿ ಅಂಗಡಿಗೆ ಬರುವಷ್ಟರಲ್ಲಿ ಕಿಟಕಿಯ ಬಿಜಾಗರಿ, ಚಿಲಕ ಎಲ್ಲ ಕಿತ್ತುಹೋಗಿರುತ್ತವೆ. ಹಿತ್ತಾಳೆ, ತಾಮ್ರಕ್ಕೆ ಪಾತ್ರೆ ಅಂಗಡಿಗಳೇ ವಾಸಿ: ಹಳೆಯದನ್ನು ತೂಕಕ್ಕೆ ಹಾಕಿ ಹೊಸದು ಒಯ್ಯುವವರಿರುತ್ತಾರೆ, ಆ ರಾಶಿ ಕರಗಲು ಹೋಗುವ ಮೊದಲು ನೋಡಲು ಕೇಳಿ. ಅಂದಿನ ಗುಜರಿ ದರದ ಮೇಲೆ ಸ್ವಲ್ಪ ಸೇರಿಸಿ ಕೊಟ್ಟರೆ ಕೊಳಗ, ತಂಬಿಗೆ, ಹಂಡೆ ಸಿಗುತ್ತವೆ. "ಇದು ಮುಳುಗಡೆ ಮನೆಯದ್ದು, ಪಟೇಲರ ಮನೆಯದ್ದು" ಎಂಬ ಕಥೆಗೆ ಬೇರೆ ದುಡ್ಡು ಕೊಡಬೇಡಿ. ಮರದ ಗಟ್ಟಿತನ, ಲೋಹದ ತೂಕ ಇವೆರಡಕ್ಕೇ ಬೆಲೆ.

ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬಿಡಬೇಕಾದವು ಇವು:

ಕಡವೆ, ಜಿಂಕೆಯ ಕೊಂಬು, ಕಾಟಿಯ ತಲೆ, ಹುಲಿ ಉಗುರು, ದಂತದ ಹಿಡಿ. ಹಳೇ ಜಗಲಿಗಳಲ್ಲಿ ಇವು ಇರುವುದು ಹೊಸತೇನಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಮಾರುವುದೂ ಕೊಳ್ಳುವುದೂ ಅಪರಾಧ. "ಅಜ್ಜನ ಕಾಲದ್ದು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ದೇವರ ವಿಗ್ರಹ, ಪ್ರಭಾವಳಿ, ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು. ಇವು ಕಳವಿನ ಮಾಲಾಗಿರುವ ಸಾಧ್ಯತೆ ಬಹಳ. ಜೊತೆಗೆ 1972ರಲ್ಲೇ ಬಂದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಕುಶಲಕಲೆಯ ವಸ್ತುಗಳು ಪ್ರಾಚ್ಯವಸ್ತುಗಳಾಗುತ್ತವೆ. ಹಸ್ತಪ್ರತಿಗಳಿಗೆ ಮಿತಿ 75 ವರ್ಷ. ಸಂದೂಕದ ತಳದಲ್ಲಿ ಓಲೆಗರಿಯ ಕಟ್ಟು ಸಿಕ್ಕರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಡಿ. ಓಲೆಗರಿಗಳನ್ನು ಕಾಪಾಡಿಕೊಂಡು ಬಂದಿರುವ ಕೆಳದಿಯ ವಸ್ತುಸಂಗ್ರಹಾಲಯ ಪಕ್ಕದಲ್ಲೇ ಇದೆ, ಅಲ್ಲಿ ತೋರಿಸಿ.

ಬೀಟೆ, ಸಾಗುವಾನಿಯ ತೊಲೆ, ಕಂಬ, ಹಲಗೆಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬರುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ರಹದಾರಿ ಬೇಕೇ ಎಂದು ವಿಚಾರಿಸಿ. ತನಿಖಾ ಠಾಣೆಯಲ್ಲಿ ನಿಂತು ವಿವರಿಸುವುದಕ್ಕಿಂತ ಅದು ಸುಲಭ. ಮಾರಿದವರಿಂದ ಚೀಟಿ ಬರೆಸಿಕೊಳ್ಳುವುದನ್ನು ಮರೆಯಬೇಡಿ.

2. ಕೊಳ್ಳುವ ಮುನ್ನ ಐದು ನಿಮಿಷ

ಜೇಬಿನಲ್ಲಿ ಒಂದು ದಬ್ಬಣ, ಒಂದು ಆಯಸ್ಕಾಂತ, ಅಳತೆ ಟೇಪು, ಮೊಬೈಲಿನ ಟಾರ್ಚ್ ಇದ್ದರೆ ಸಾಕು.

ಮರಕ್ಕೆ ದಬ್ಬಣ. ಚೌಕಟ್ಟಿನ ಕೆಳಮೂಲೆಗಳಲ್ಲಿ, ಗೋಡೆಯೊಳಗಿದ್ದ ಬದಿಯಲ್ಲಿ ಚುಚ್ಚಿ ನೋಡಿ. 2–3 ಮಿಲಿಮೀಟರಿಗೆ ನಿಂತರೆ ಒಳ್ಳೆಯದು. ಬೆಣ್ಣೆಗೆ ಇಳಿದಂತೆ ಇಳಿದರೆ ಒಳಗೆ ಒರಲೆ ತಿಂದು ಸಿಪ್ಪೆ ಮಾತ್ರ ಉಳಿದಿದೆ. ಅಡ್ಡ ಕತ್ತರಿಸಿದ ತುದಿಯಲ್ಲಿ ಎರಡು ಬಣ್ಣ ಕಾಣುತ್ತವೆ: ನಡುವಿನ ಕಪ್ಪು, ಗಟ್ಟಿ ಭಾಗ ಚೇಗು, ಅಂಚಿನದು ಬಿಳಿ. ಕುಟ್ಟೆ ಹುಳ (ಮರ ಕೊರೆದು ಹಿಟ್ಟು ಉದುರಿಸುವ ಸಣ್ಣ ಜೀರುಂಡೆ) ಇಷ್ಟಪಡುವುದು ಪಿಷ್ಟ ಹೆಚ್ಚಿರುವ ಆ ಬಿಳಿ ಭಾಗವನ್ನು. ಚೇಗೇ ಹೆಚ್ಚಿರುವ ಸಾಗುವಾನಿ, ಬೀಟೆ, ಹೊನ್ನೆ, ಹಲಸು ಸಿಕ್ಕರೆ ಯೋಚನೆ ಕಡಿಮೆ. ಅಡುಗೆಮನೆ ಮೇಲಿನ ಹೊಗೆ ಅಟ್ಟದಿಂದ ಇಳಿಸಿದ, ಇಲ್ಲಣ ಹಿಡಿದು ಕಪ್ಪಾದ ಮರ ನೋಡಲು ಅಸಹ್ಯ, ಆದರೆ ಕಾದು ಒಣಗಿ ಹೊಗೆ ಕುಡಿದ ಆ ಮರವನ್ನು ಮೊದಲು ಆರಿಸಿ.

ಲೋಹಕ್ಕೆ ಆಯಸ್ಕಾಂತ. ಹಿತ್ತಾಳೆ, ತಾಮ್ರ, ಕಂಚಿಗೆ ಅದು ಅಂಟುವುದಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಮುಲಾಮು (ತೆಳು ಲೋಹದ ಲೇಪ) ಹಾಕಿದ್ದು. ಮಲೆನಾಡಿನ ತೇವಕ್ಕೆ ಮುಲಾಮಿನ ಅಡಿಯಿಂದ ತುಕ್ಕು ಎದ್ದೇ ಏಳುತ್ತದೆ. ಹಂಡೆಯ ಬಾಯಿಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ, ಸೂಜಿಮೊನೆಯ ಬೆಳಕು ಕಂಡರೆ ತೂತು. ಗಿಡಕ್ಕೆ ನಡೆದೀತು, ನೀರಿಗೆ ಆಗದು.

3. ಮನೆಯೊಳಗೆ ತರುವ ಮೊದಲು

ಇದೇ ಎಲ್ಲರೂ ಹಾರಿಸುವ ಹಂತ. ಗುಜರಿಯಿಂದ ತಂದ ಮರವನ್ನು ನೇರ ನಡುಮನೆಗೆ ಒಯ್ದರೆ ಅದರೊಳಗಿನ ಕುಟ್ಟೆ ನಿಮ್ಮ ಮಂಚ, ಬಾಗಿಲಿಗೂ ಹೋಗುತ್ತದೆ.

ಮಾಡಿನ ಅಡಿಯಲ್ಲಿ, ನೆಲ ತಾಕದಂತೆ ಎರಡು ಇಟ್ಟಿಗೆ ಮೇಲೆ ಇಡಿ. ಒಣ ಬ್ರಷ್ಷಿನಲ್ಲಿ ಧೂಳು, ಇಲ್ಲಣ ಉದುರಿಸಿ. ಮೊದಲೇ ಒದ್ದೆ ಬಟ್ಟೆ ಹಾಕಿದರೆ ಮಸಿ ಮರದ ಎಳೆಗೆ ಇಳಿದು ಹೋಗುವುದೇ ಇಲ್ಲ. ಅಡಿಗೆ ಬಿಳಿ ಕಾಗದ ಹಾಸಿ, ಚೌಕಟ್ಟನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಉದುರಿದ ಹಿಟ್ಟು ಗುಡಿಸಿ ಹೊಸ ಕಾಗದ ಹಾಸಿ. ಎರಡು–ಮೂರು ವಾರ ಹಾಗೇ ಬಿಡಿ. ಕಾಗದದ ಮೇಲೆ ಮತ್ತೆ ಹಿಟ್ಟು ಕಂಡರೆ ಒಳಗೆ ಜೀವಂತ ಹುಳ ಇದೆ. ಕಾಣದಿದ್ದರೆ ಬಹುಶಃ ಹಳೇ ತೂತುಗಳಷ್ಟೇ.

ಹುಳ ಇರಲಿ, ಇಲ್ಲದಿರಲಿ, ಬೋರಿಕ್ ದ್ರಾವಣ ಹಚ್ಚಿ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ (ಬೊರಾಕ್ಸ್) ಮತ್ತು 20 ಗ್ರಾಂ ಬೋರಿಕ್ ಪುಡಿ. ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲೂ ಬೋರಿಕ್ ಪುಡಿ ಔಷಧಿ ಅಂಗಡಿಯಲ್ಲೂ ಸಿಗುತ್ತವೆ. ಪೂರ್ತಿ ಕರಗಿದ ಮೇಲೆ ಬೆಚ್ಚಗಿರುವಾಗಲೇ ಬ್ರಷ್ಷಿನಲ್ಲಿ ಹಚ್ಚಿ, ಅರ್ಧ ಗಂಟೆಗೊಮ್ಮೆ ಮೂರು ಸಲ. ತೂತುಗಳಿಗೆ ಸಿರಿಂಜಿನಿಂದ ತುಂಬಿಸಿ. 2 ಅಡಿಗೆ 3 ಅಡಿ ಕಿಟಕಿಗೆ ಒಂದು ಲೀಟರ್ ಸಾಕು. ಆಮೇಲೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎರಡು ದಿನ ಇಟ್ಟರೆ ದ್ರಾವಣ ತೇವದ ಜೊತೆ ಒಳಕ್ಕೆ ಇಳಿಯುತ್ತದೆ. ಬಿಚ್ಚಿ ನೆರಳಲ್ಲಿ ಒಂದು ವಾರ ಒಣಗಿಸಿ.

ಇಲ್ಲಿ ಮೂರು ತಪ್ಪುಗಳು ಸಾಮಾನ್ಯ. ಬಣ್ಣ, ವಾರ್ನಿಷ್ ಇರುವ ಮರಕ್ಕೆ ಹಚ್ಚಿದರೆ ದ್ರಾವಣ ಒಳಗೇ ಹೋಗುವುದಿಲ್ಲ, ಮೊದಲು ಬಣ್ಣ ತೆಗೆಯಬೇಕು (ನಾಲ್ಕನೇ ಹಂತ ಮುಗಿಸಿ ಇಲ್ಲಿಗೆ ಮರಳಿ). ಬೋರಿಕ್ ನೀರಿನಲ್ಲಿ ಕರಗುವುದರಿಂದ ಮಳೆ ಬಡಿಯುವ ಜಾಗದಲ್ಲಿ ತೊಳೆದುಹೋಗುತ್ತದೆ, ಮನೆಯೊಳಗಿನ ವಸ್ತುವಿಗೆ ಮಾತ್ರ ಇದು ಮದ್ದು. ಇನ್ನು, ಹಣ್ಣು ಇಡಲು ಬಳಸುವ ಮರಿಗೆಗೆ (ಮರ ಕೊರೆದು ಮಾಡಿದ ದೊಡ್ಡ ಬೋಗುಣಿ) ಇದನ್ನು ಹಚ್ಚಲೇಬೇಡಿ, ಹೊಟ್ಟೆಗೆ ಹೋದರೆ ವಿಷ. ಮರಿಗೆಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಮೂರು ಸಲ ಸವರಿದರೆ ಸಾಕು. ಅದು ಕನರುವುದಿಲ್ಲ.

4. ಹಳೇ ಬಣ್ಣ ತೆಗೆಯುವುದು

ಹಳೇ ಮನೆಯ ಕಿಟಕಿಗಳ ಹಸಿರು, ನೀಲಿ ಎನಾಮಲ್ ಬಣ್ಣದಲ್ಲಿ ಸೀಸ ಇದ್ದೀತೆಂದೇ ಲೆಕ್ಕ ಹಾಕಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಪಾಲು ದಾಟಬಾರದು ಎಂಬ ಕಾನೂನು ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಮಷಿನ್ ಹಾಕಿ ಒಣದಾಗಿ ಉಜ್ಜಿದರೆ ಸೀಸದ ಧೂಳು ಮನೆ ತುಂಬ ಹರಡುತ್ತದೆ, ಮಕ್ಕಳ ಮಿದುಳಿಗೆ ಅದು ನೇರ ಹಾನಿ. ಬ್ಲೋ ಲ್ಯಾಂಪಿನಲ್ಲಿ ಸುಡುವುದು ಇನ್ನೂ ಕೆಟ್ಟದ್ದು, ಸೀಸ ಹೊಗೆಯಾಗಿ ಮೂಗಿಗೇ ಬರುತ್ತದೆ.

ಸರಿಯಾದ ದಾರಿ ನಿಧಾನದ್ದು. ಅಂಗಳದಲ್ಲಿ ಹಳೇ ಟಾರ್ಪಾಲು ಹಾಸಿ. ಪೇಂಟ್ ರಿಮೂವರ್ ಹಚ್ಚಿ 10–15 ನಿಮಿಷ ಬಿಟ್ಟು, ಬಣ್ಣ ಗುಳ್ಳೆ ಎದ್ದಾಗ ಅಗಲ ಬ್ಲೇಡಿನಿಂದ ಮರದ ಎಳೆಯ ದಿಕ್ಕಿಗೇ ಹೆರೆಯಿರಿ. ರಬ್ಬರ್ ಕೈಗವಸು, ಮುಖಕ್ಕೆ ಎನ್–95 ಮಾಸ್ಕ್ ಕಡ್ಡಾಯ. ರಿಮೂವರಿನ ಆವಿಯನ್ನು ಆ ಮಾಸ್ಕ್ ತಡೆಯುವುದಿಲ್ಲ, ಅದಕ್ಕೇ ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಉಳಿದ ಚೂರನ್ನು 120ನೇ ನಂಬರಿನ ವಾಟರ್ ಪೇಪರಿನಿಂದ ನೀರು ಚಿಮುಕಿಸುತ್ತ ಉಜ್ಜಿ. ಹೆರೆದದ್ದನ್ನೆಲ್ಲ ಟಾರ್ಪಾಲಿನಿಂದ ಒಟ್ಟುಮಾಡಿ ಡಬ್ಬಿಗೆ ತುಂಬಿ. ತೋಟಕ್ಕೆ, ಹಳ್ಳಕ್ಕೆ ಎಸೆಯಬೇಡಿ, ಒಲೆಗೂ ಹಾಕಬೇಡಿ.

ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸಿದರೆ ಬಣ್ಣ ಬೇಗ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಬಿಡುತ್ತದೆ, ನಿಜ. ಸಾಗುವಾನಿ ಕರ್ರಗಾಗುತ್ತದೆ, ಕೂಡುಗೆಯ ಅಂಟು ಸಡಿಲವಾಗುತ್ತದೆ, ಎಳೆ ನಾರಿನಂತೆ ಏಳುತ್ತದೆ.

ಕೆತ್ತನೆ ಇರುವ ತುಂಡಾದರೆ ರಿಮೂವರನ್ನೂ ಮುಟ್ಟಬೇಡಿ. ಸಾಗರ, ಸೊರಬದ ಗುಡಿಗಾರರು ತಲೆಮಾರುಗಳಿಂದ ಗಂಧದ ಕೆತ್ತನೆ ಮಾಡುವವರು, ಅವರ ಕೈಗೆ ಕೊಡಿ. ಎಲ್ಲ ಬಣ್ಣವನ್ನೂ ತೆಗೆಯಲೇಬೇಕೆಂದೂ ಇಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ, ಅಲ್ಲಲ್ಲಿ ಮಾಸಿದ ಹಳೇ ನೀಲಿಯ ಮೇಲೆ ಪಾರದರ್ಶಕ ಲೇಪ ಎರಡು ಸಲ ಕೊಟ್ಟರೆ ಸೀಸವೂ ಒಳಗೇ ಉಳಿಯುತ್ತದೆ, ಚೆಂದವೂ ಉಳಿಯುತ್ತದೆ. ಅದನ್ನು ಕಿತ್ತು ಮತ್ತೆ ಹಳೆಯದರಂತೆ ಕಾಣಲಿ ಎಂದು ಹೊಸ ಬಣ್ಣ ಬಳಿದು ಕೆರೆಯುವುದರಲ್ಲಿ ಅರ್ಥವಿಲ್ಲ. ಇಂಥ ತುಂಡಿಗೆ ಬೋರಿಕ್ಕನ್ನು ಬಣ್ಣವಿಲ್ಲದ ಹಿಂಬದಿಯಿಂದ ಹಚ್ಚಬೇಕು.

5. ಮರಕ್ಕೆ ಯಾವ ಲೇಪ

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಹಚ್ಚಿದ ದಿನ ಮಿರಿಮಿರಿ ಎನ್ನುತ್ತದೆ, ಆದರೆ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ ಅಲ್ಲ. ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ, ಜುಲೈ ಹೊತ್ತಿಗೆ ಬೂಷ್ಟಿಗೆ ಊಟವಾಗುತ್ತದೆ. ಅಗಸೆ ಎಣ್ಣೆ (ಲಿನ್ಸೀಡ್) ಒಣಗುತ್ತದೆ, ಪೇಟೆ ಮನೆಗೆ ಪರವಾಗಿಲ್ಲ. ಘಟ್ಟದ ಅಂಚಿನ ಮನೆಯಲ್ಲಿ ಅದರ ಮೇಲೂ ಕಪ್ಪು ಚುಕ್ಕೆ ಏಳುತ್ತವೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವಾಗ ಹುಟ್ಟುವ ಬಿಸಿಗೆ ಅದು ತಾನೇ ಹೊತ್ತಿಕೊಳ್ಳಬಹುದು. ಬಿಡಿಸಿ ತಂತಿ ಮೇಲೆ ಒಣಗಿಸಿ, ಇಲ್ಲವೇ ನೀರಿನ ಡಬ್ಬಿಯಲ್ಲಿ ಹಾಕಿ.

ಫ್ರೆಂಚ್ ಪಾಲಿಶ್ (ಸ್ಪಿರಿಟಿನಲ್ಲಿ ಕರಗಿಸಿದ ಅರಗು) ತೇವದ ಗಾಳಿಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂರುವುದೇ ಕಾರಣ.

ಗೇರೆಣ್ಣೆ ನಮ್ಮ ಕಡೆಯ ಹಳೇ ಮದ್ದು, ಒರಲೆಗೆ ಆಗದು. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಮರ ಕರ್ರಗಾಗುತ್ತದೆ, ವಾಸನೆ ಬೇಗ ಹೋಗುವುದಿಲ್ಲ. ಗೋಡೆಗೆ ತಾಗುವ ಹಿಂಬದಿಗೆ ಮಾತ್ರ, ಕೈಗವಸು ಹಾಕಿಕೊಂಡು, ಒಂದು ತೆಳು ಪದರ ಹಚ್ಚಬಹುದು.

ನಮ್ಮ ಶಿಫಾರಸು ಎಣ್ಣೆ ಆಧಾರದ ಪಾಲಿಯುರೇಥೇನ್, ಅಂಗಡಿಯಲ್ಲಿ "ಪಿಯು ಮ್ಯಾಟ್" ಎಂದರೆ ಕೊಡುತ್ತಾರೆ. ಮೊದಲ ಪದರಕ್ಕೆ ಡಬ್ಬಿಯ ಮೇಲೆ ಹೇಳಿದ ತಿನ್ನರನ್ನು ಸೇರಿಸಿ ತೆಳುವಾಗಿ ಹಚ್ಚಿ ಒಂದು ದಿನ ಬಿಡಿ. 320ನೇ ನಂಬರಿನ ಪೇಪರಿನಿಂದ ಹಗುರವಾಗಿ ಸವರಿ, ಧೂಳು ಒರೆಸಿ, ಎರಡನೆಯದು. ಮೂರು ತೆಳು ಪದರ ಒಂದು ದಪ್ಪ ಪದರಕ್ಕಿಂತ ಗಟ್ಟಿ. ಹಿಂಬದಿಗೂ ಅಡ್ಡ ತುದಿಗಳಿಗೂ ಹಚ್ಚುವುದು ಮುಖ್ಯ: ಎದುರು ಮಾತ್ರ ಹಚ್ಚಿದರೆ ಹಿಂದಿನಿಂದ ತೇವ ಕುಡಿದ ಮರ ಒಂದೇ ಕಡೆ ಉಬ್ಬಿ ತಿರುಚುತ್ತದೆ. ಹೊಳಪಿನ ಪಿಯು ಹಳೇ ಮರಕ್ಕೆ ಹೊಂದುವುದಿಲ್ಲ, ಕಲ್ಯಾಣ ಮಂಟಪದ ಕುರ್ಚಿಯಂತೆ ಕಾಣುತ್ತದೆ.

6. ಕಿಟಕಿ ಚೌಕಟ್ಟಿಗೆ ಕನ್ನಡಿ

ಬೇಕಾದದ್ದು: 4 ಮಿ.ಮೀ. ಕನ್ನಡಿ, ಬೆನ್ನಿಗೆ 6 ಮಿ.ಮೀ. ನೀರು ತಡೆಯುವ ಪ್ಲೈವುಡ್, ಸ್ಟೇನ್‌ಲೆಸ್ ಸ್ಕ್ರೂ, ನ್ಯೂಟ್ರಲ್ ಸಿಲಿಕಾನ್ ಒಂದು ಟ್ಯೂಬ್, ನೇತುಹಾಕಲು ಎರಡು ಉಕ್ಕಿನ ಪಟ್ಟಿ.

ಮೊದಲು ಕೂಡುಗೆಗಳನ್ನು ನೋಡಿ. ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದಾಗ ಎರಡೂ ಕರ್ಣ ಒಂದೇ ಅಳತೆ ಬರಬೇಕು. 5 ಮಿ.ಮೀ. ಮೀರಿ ವ್ಯತ್ಯಾಸವಿದ್ದರೆ ಮೂಲೆ ಸಡಿಲವಾಗಿದೆ. ಮರದ ಗೂಟ ಹೊರಗೆ ತಟ್ಟಿ, ತೇವ ತಡೆಯುವ ಬಗೆಯ ಮರದ ಅಂಟು ಹಾಕಿ, ಹಗ್ಗ ಸುತ್ತಿ ತಿರುಚಿ ಬಿಗಿದು ಒಂದು ದಿನ ಬಿಡಿ. ಸಾಮಾನ್ಯ ಬಿಳಿ ಅಂಟು ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಹಣ ಉಳಿಸುವ ಜಾಗ ಇದಲ್ಲ.

ಹಿಂಬದಿಯಲ್ಲಿ ಕನ್ನಡಿ ಕೂರುವ ತೋಡು (ಬಡಗಿಗಳ ಬಾಯಲ್ಲಿ ರಿಬೇಟು) ಇದ್ದರೆ ಸರಿ. ಇಲ್ಲದಿದ್ದರೆ ಬಡಗಿಯಿಂದ 12 ಮಿ.ಮೀ. ಅಗಲ, 12 ಮಿ.ಮೀ. ಆಳಕ್ಕೆ ಹೊಡೆಸಿ. ಕನ್ನಡಿ 4, ಪ್ಲೈವುಡ್ 6, ನಡುವೆ ಉಸಿರಾಡಲು 2.

ಈಗ ಎಲ್ಲಕ್ಕಿಂತ ಮುಖ್ಯ ಅಳತೆ. ಕನ್ನಡಿಯನ್ನು ತೋಡಿನ ಅಳತೆಗಿಂತ ಉದ್ದಕ್ಕೂ ಅಗಲಕ್ಕೂ 6 ಮಿ.ಮೀ. ಕಡಿಮೆ ಕತ್ತರಿಸಿಸಿ. ಮಾರ್ಚಿನಲ್ಲಿ ಬಿಗಿಯಾಗಿ ಕೂತ ಕನ್ನಡಿ ಜುಲೈನಲ್ಲಿ ಟಣ್ ಎಂದು ಸೀಳುತ್ತದೆ, ಏಕೆಂದರೆ ಮರ ತೇವಕ್ಕೆ ಉಬ್ಬುತ್ತದೆ, ಗಾಜು ಜಗ್ಗುವುದಿಲ್ಲ. "ಕನ್ನಡಿ ಯಾಕೋ ತಾನಾಗೇ ಒಡೆಯಿತು" ಎನ್ನುವವರ ಮನೆಯಲ್ಲಿ ಅಪಶಕುನ ಹುಡುಕಬೇಕಿಲ್ಲ, ಅಳತೆ ನೋಡಿದರೆ ಸಾಕು.

ತೋಡಿನಲ್ಲಿ ಮೂರು–ನಾಲ್ಕು ಕಡೆ ಕಾಳಿನಷ್ಟು ಸಿಲಿಕಾನ್ ಇಟ್ಟು ಕನ್ನಡಿ ಕೂರಿಸಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕಾನ್ ಬೇಡ: ಒಣಗುವಾಗ ಅದರಿಂದ ಬಿಡುಗಡೆಯಾಗುವ ಆಮ್ಲ ಕನ್ನಡಿಯ ಬೆನ್ನಿನ ಬೆಳ್ಳಿ ಪದರವನ್ನು ತಿಂದು ಎದುರಿನಿಂದ ಕಪ್ಪು ಕಲೆ ಕಾಣುತ್ತದೆ. ಟ್ಯೂಬಿನ ಮೇಲೆ "ನ್ಯೂಟ್ರಲ್" ಎಂದು ಬರೆದಿರಬೇಕು. ಪ್ಲೈವುಡ್ಡನ್ನು ಕನ್ನಡಿಗೆ ಅಂಟಿಸದೆ ಚೌಕಟ್ಟಿಗೆ ಸ್ಕ್ರೂ ಮಾಡಿ, ಮುಂದೆ ಬಿಚ್ಚಬೇಕಾಗಬಹುದು. ಹಳೇ ಚೇಗಿಗೆ ಸ್ಕ್ರೂ ನೇರ ಹೋಗುವುದಿಲ್ಲ, ತಲೆ ಮುರಿಯುತ್ತದೆ. ಸ್ಕ್ರೂಗಿಂತ ತುಸು ಸಣ್ಣ ಡ್ರಿಲ್ ಬಿಟ್ಟಿನಲ್ಲಿ ಮೊದಲು ತೂತು ಮಾಡಿ, ಸ್ಕ್ರೂಗೆ ಮೇಣ ಸವರಿ ತಿರುಗಿಸಿ.

ಮರದ ಸರಳುಗಳನ್ನು ತೆಗೆಯಬೇಕೇ? ತಲೆ ಬಾಚಲು ಕನ್ನಡಿ ಬೇಕಿದ್ದರೆ ತೆಗೆಯಿರಿ. ಕತ್ತಲೆ ನಡುಮನೆಗೆ ಬೆಳಕು ತರಲು ಎಂದಾದರೆ ಸರಳು ಇರಲಿ. ಬಾಗಿಲಿನ ಎದುರು ಗೋಡೆಗೆ ಹಾಕಿದರೆ ಅಲ್ಲಿ ಇನ್ನೊಂದು ಕಿಟಕಿ ತೆರೆದಂತೆಯೇ ಇರುತ್ತದೆ.

ತೂಕ ಲೆಕ್ಕ ಹಾಕಿ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕಿಲೋ. 2 ಅಡಿಗೆ 3 ಅಡಿಯ ಕನ್ನಡಿಯೇ ಸುಮಾರು ಐದೂವರೆ ಕಿಲೋ. ಗಟ್ಟಿ ಮರದ ಚೌಕಟ್ಟು ಸೇರಿದರೆ 20 ಕಿಲೋ ಮುಟ್ಟಬಹುದು. ಜಂಬಿಟ್ಟಿಗೆ ಗೋಡೆಯಾದರೆ 8 ಮಿ.ಮೀ. ಬಿಟ್ಟಿನಲ್ಲಿ ಎರಡು ತೂತು, ಪ್ಲಾಸ್ಟಿಕ್ ಗಟ್ಟಿ (ಸ್ಕ್ರೂ ಹಿಡಿಯಲು ತೂತಿಗೆ ಹೊಡೆಯುವ ಬೆಣೆ), 75 ಮಿ.ಮೀ. ಸ್ಕ್ರೂ. ಗಾರೆಯೇ 20 ಮಿ.ಮೀ. ತಿಂದುಬಿಡುವುದರಿಂದ ಕಲ್ಲಿನೊಳಗೆ 50 ಮಿ.ಮೀ. ಆದರೂ ಇಳಿಯಬೇಕು. ಮಣ್ಣಿನ ಗೋಡೆಗೆ ಯಾವ ಗಟ್ಟಿಯೂ ಹಿಡಿಯುವುದಿಲ್ಲ; ಮೇಲಿನ ತೊಲೆಯಿಂದ ಸರಪಳಿ ಇಳಿಬಿಡಿ, ಇಲ್ಲವೇ ನೆಲಕ್ಕೆ ಎರಡು ಮರದ ತುಂಡಿಟ್ಟು ಒರಗಿಸಿ ಮೇಲೊಂದು ಕೊಂಡಿ ಹಾಕಿ. ಯಾವ ಗೋಡೆಯಾದರೂ ಚೌಕಟ್ಟಿನ ನಾಲ್ಕು ಮೂಲೆಗೆ 10–12 ಮಿ.ಮೀ. ದಪ್ಪದ ರಬ್ಬರ್ ಬುಷ್ ಹೊಡೆಯಿರಿ. ಹಿಂದೆ ಗಾಳಿ ಆಡದಿದ್ದರೆ ಬೂಷ್ಟು ಅಲ್ಲಿಂದಲೇ ಶುರು.

7. ಹಂಡೆ, ಕೊಳಗ, ತಂಬಿಗೆ

ಪಾತ್ರೆ ಥಳಥಳ ಹೊಳೆಯಬೇಕೋ, ಹಳೇ ಕಂದು ಬಣ್ಣ ಉಳಿಯಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಕಂದು ಪದರ ಲೋಹವನ್ನು ಕಾಯುತ್ತದೆ, ಉಳಿದರೆ ಒಳ್ಳೆಯದು. ಹಸಿರು ಪುಡಿಯಂಥ ಕಿಲುಬು ಮಾತ್ರ ಹೋಗಲೇಬೇಕು, ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ.

ನಿಂಬೆ ಗಾತ್ರದ ಹುಣಸೆಹಣ್ಣಿನ ಕಿವುಚು, ಒಂದು ಚಮಚ ಉಪ್ಪು ಸೇರಿಸಿ ಹಚ್ಚಿ, ಐದು ನಿಮಿಷ, ಅಷ್ಟೇ. ರಾತ್ರಿಯಿಡೀ ನೆನೆಹಾಕಿದರೆ ಹಿತ್ತಾಳೆಯೊಳಗಿನ ಸತು ಕರಗಿ ಹೊರಬಂದು ತಾಮ್ರ ಮಾತ್ರ ಉಳಿಯುತ್ತದೆ. ಹಿತ್ತಾಳೆ ಮೇಲೆ ಏಳುವ ನಸುಗೆಂಪು ಕಲೆಗಳು ಅವೇ, ಎಷ್ಟು ಉಜ್ಜಿದರೂ ಹೋಗವು. ತೊಳೆದ ಮೇಲೆ ಲೀಟರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಜಾಲಿಸಿ ಉಳಿದ ಹುಳಿಯನ್ನು ತೆಗೆಯಿರಿ. ಉಪ್ಪು ಉಳಿದರೆ ಮಳೆಗಾಲದಲ್ಲಿ ಕಿಲುಬು ಮತ್ತೆ ಬರುತ್ತದೆ, ಆದ್ದರಿಂದ ಚೆನ್ನಾಗಿ ನೀರು ಹೊಯ್ದು, ತಕ್ಷಣ ಒರೆಸಿ, ಬಿಸಿಲಿಗಿಡಿ.

ಆಮೇಲೆ ಮೇಣ. 50 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ಒಲೆಯಿಂದ ದೂರ ತಂದು 150 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಒಲೆ ಉರಿಯುವಾಗ ಬೆರೆಸಿದರೆ ಭಗ್ಗೆನ್ನುತ್ತದೆ. ತಣಿದು ಬೆಣ್ಣೆಯಂತಾದ ಮೇಲೆ ಬಟ್ಟೆಯಲ್ಲಿ ತೆಳುವಾಗಿ ಸವರಿ, ಅರ್ಧ ಗಂಟೆ ಬಿಟ್ಟು ಉಜ್ಜಿ.

ಗಿಡ ಇಡುವುದಾದರೆ ಮಣ್ಣನ್ನು ನೇರ ಹಂಡೆಗೆ ತುಂಬಬೇಡಿ. ಯೂರಿಯಾ, ಹಸಿ ಗೊಬ್ಬರದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ, ಅದರಲ್ಲೂ ಬಡಿದು ಮಾಡಿದ ಪಾತ್ರೆಯ ಅಂಚಿನಲ್ಲಿ. ಪ್ಲಾಸ್ಟಿಕ್ ಕುಂಡವನ್ನು ಒಳಗಿಡಿ, ಅಡಿಗೆ ಎರಡು ಇಂಚು ಜಲ್ಲಿ ಹಾಕಿ. ತಳ ಕೊರೆಯುವುದು ಬೇಡ, ನಾಳೆ ಮಾರಬೇಕೆಂದರೆ ತೂತಿನ ಹಂಡೆಗೆ ಗುಜರಿ ಬೆಲೆಯೇ. ನೀರು ತುಂಬಿ ಹೂ ತೇಲಿಸುವವರು ನಾಲ್ಕೈದು ದಿನಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಿ. ಡೆಂಗೆ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮೇಲಂಚಿನ ಗೋಡೆಗೆ, ಬರೀ ನೀರು ಬದಲಿಸಿದರೆ ಸಾಲದು.

ಅಲಂಕಾರಕ್ಕಿಟ್ಟ ಪಾತ್ರೆಯಲ್ಲಿ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಇಡಬೇಡಿ.

8. ಲಾಟೀನಿಗೆ ದೀಪ

ಸುಲಭದ ದಾರಿ ಮೊದಲು. ಮೊಬೈಲ್ ಚಾರ್ಜರಿನ 5 ವೋಲ್ಟಿನಲ್ಲಿ ಉರಿಯುವ ಎಲ್‌ಇಡಿ ಸರವನ್ನು ಬುರುಡೆಯೊಳಗೆ ಸುತ್ತಿ, ತಂತಿಯನ್ನು ಹಿಂದಿನಿಂದ ತೆಗೆದರೆ ಆಯಿತು. ಶಾಕ್ ಭಯವಿಲ್ಲ, ಜೂನ್ ಗಾಳಿಗೆ ಕರೆಂಟು ಹೋದಾಗ ಪವರ್ ಬ್ಯಾಂಕಿಗೆ ಚುಚ್ಚಬಹುದು. ನಮ್ಮ ಕಡೆಗೆ ಇದೇ ಬುದ್ಧಿವಂತಿಕೆ.

230 ವೋಲ್ಟೇ ಬೇಕೆಂದರೆ: ಸಣ್ಣ ತಿರುಪಿನ ಹೋಲ್ಡರ್ (ಇ–14), 3 ವ್ಯಾಟ್ ಹಳದಿ ಬೆಳಕಿನ ಎಲ್‌ಇಡಿ, 0.75 ಚದರ ಮಿ.ಮೀ.ನ ಮೂರು ಎಳೆ ವೈರು 2 ಮೀಟರ್, 6 ಆಂಪಿಯರಿನ ಮೂರು ಪಿನ್ನಿನ ಪ್ಲಗ್, ರಬ್ಬರ್ ಬುಷ್, ಅರ್ತ್ ವೈರಿಗೆ ಉಂಗುರದ ಲಗ್ಗು, 4 ಮಿ.ಮೀ. ಬೋಲ್ಟು, ಹಲ್ಲಿನ ವಾಷರು.

(ಅ) ಎಣ್ಣೆ ಬುಡ್ಡಿಯನ್ನು ಸೋಪಿನ ಬಿಸಿನೀರಿನಲ್ಲಿ ಮೂರು ಸಲ ಕುಲುಕಿ ತೊಳೆದು ಎರಡು ದಿನ ಬಿಸಿಲಿಗಿಡಿ. ಸೀಮೆಎಣ್ಣೆ ಆವಿ ಉಳಿದ ಬುಡ್ಡಿಗೆ ಡ್ರಿಲ್ ಹಿಡಿದರೆ ಕಿಡಿ ತಾಗೀತು.

(ಆ) ಬತ್ತಿಯ ಬರ್ನರ್ ತೆಗೆದು ಆ ಜಾಗದಲ್ಲಿ ಹೋಲ್ಡರ್ ಕೂರಿಸಿ. ವೈರನ್ನು ಬುಡ್ಡಿಯೊಳಗೆ ಇಳಿಸಿ, ಎಣ್ಣೆ ಹಾಕುವ ಬಾಯಿಂದ ಹೊರತೆಗೆಯಿರಿ. ವೈರಿಗೆಂದು ಹೊಸ ತೂತು ಬೇಕಿಲ್ಲ. ಬಾಯಿಯ ಅಂಚು ಹರಿತ, ರಬ್ಬರ್ ಬುಷ್ ಹಾಕದಿದ್ದರೆ ವೈರಿನ ಸಿಪ್ಪೆ ಕೊಯ್ಯುತ್ತದೆ. ಒಳಗಿನಿಂದ ವೈರಿಗೆ ಟೈ ಬಿಗಿಯಿರಿ, ಯಾರಾದರೂ ಎಳೆದರೂ ಹೋಲ್ಡರಿನ ಸ್ಕ್ರೂ ಮೇಲೆ ಭಾರ ಬೀಳಬಾರದು.

(ಇ) ಫೇಸ್ ವೈರು ಹೋಲ್ಡರಿನ ತಳದ ನಡುವಿನ ತುದಿಗೆ, ನ್ಯೂಟ್ರಲ್ ತಿರುಪಿನ ಬಳೆಗೆ. ಅದಲುಬದಲಾದರೆ ಬಲ್ಬ್ ಬದಲಿಸುವಾಗ ಬೆರಳಿಗೆ ತಾಗುವ ಭಾಗಕ್ಕೇ ಕರೆಂಟು ಬರುತ್ತದೆ.

(ಈ) ಬುಡ್ಡಿಯ ಮೇಲ್ಭಾಗದಲ್ಲಿ 4 ಮಿ.ಮೀ. ತೂತು ಮಾಡಿ, ಸುತ್ತ ಬಣ್ಣ, ತುಕ್ಕು ಕೆರೆದು ಲೋಹ ಕಾಣಿಸಿ, ಅರ್ತ್ ಲಗ್ಗನ್ನು ಹಲ್ಲಿನ ವಾಷರಿನೊಂದಿಗೆ ಬಿಗಿಯಿರಿ. ಇದೊಂದೇ ತೂತು, ಇದನ್ನು ಉಳಿಸಲು ಹೋಗಬೇಡಿ.

(ಉ) ಪ್ಲಗ್ಗನ್ನು ಗೋಡೆಗೆ ಚುಚ್ಚುವ ಮೊದಲು ಮಲ್ಟಿಮೀಟರಿನಿಂದ ದಪ್ಪ ಅರ್ತ್ ಪಿನ್ನಿಗೂ ಲಾಟೀನಿನ ಬುಡ್ಡಿ, ಪಕ್ಕದ ಕೊಳವೆ, ತಲೆಯ ಮುಚ್ಚಳಕ್ಕೂ ಓಮ್ ನೋಡಿ. 1 ಓಮಿಗಿಂತ ಕಡಿಮೆ ಇರಬೇಕು. ತುಕ್ಕು ಹಿಡಿದ ಜೋಡಣೆಯಲ್ಲಿ ಬುಡ್ಡಿಗೆ ಅರ್ತ್ ಸಿಕ್ಕು ತಲೆಗೆ ಸಿಗದಿರುವುದುಂಟು.

ಮನೆಯ ಅರ್ತಿಂಗೇ ಸರಿಯಿಲ್ಲದಿದ್ದರೆ ಈ ಕೆಲಸವೆಲ್ಲ ವ್ಯರ್ಥ. ಹಳೇ ಮನೆಗಳಲ್ಲಿ ಮೂರನೇ ಪಿನ್ನಿಗೆ ವೈರೇ ಇಲ್ಲದ ಸಾಕೆಟ್ಟುಗಳಿರುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇದೆಯೇ ಕೇಳಿ. ಅಲ್ಲಿಯವರೆಗೆ 5 ವೋಲ್ಟಿನದೇ ಇರಲಿ. ಜಗಲಿಯ ಮಳೆ ಇರಚಲು ಬಡಿಯುವ ಜಾಗಕ್ಕೂ ಅಷ್ಟೇ.

9. ಹೆಂಚು, ಒರಳು

ಮಂಗಳೂರು ಹೆಂಚಿನ ಮೇಲೆ 1865 ಎಂಬ ಅಚ್ಚು ಕಂಡು ದುಪ್ಪಟ್ಟು ಬೆಲೆ ಕೊಡಬೇಡಿ. ಅದು ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಕಾರ್ಖಾನೆಯ ಗುರುತಾಗಿ ಮುಂದೆಯೂ ಅದನ್ನೇ ಒತ್ತುತ್ತಿದ್ದರು. ಹೆಸರಿನ ಫಲಕ ಮಾಡಲು ಹೆಂಚು ಚೆನ್ನ. ಲೀಟರ್ ನೀರಿಗೆ ಎರಡು ಚಮಚ ಬ್ಲೀಚಿಂಗ್ ಪೌಡರ್ ಕಲಸಿ 20 ನಿಮಿಷ ಬಿಟ್ಟು ಪಾಚಿ ಉಜ್ಜಿ. ಅದಕ್ಕೆ ಹುಣಸೆ, ವಿನೆಗರ್, ಆಸಿಡ್ ಏನನ್ನೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಮೂರು ದಿನ ಬಿಸಿಲಿಗೆ ಒಣಗಿಸಿ ಅಕ್ರಿಲಿಕ್ ಬಣ್ಣದಲ್ಲಿ ಬರೆಯಿರಿ. ತೂತು ಬೇಕಿದ್ದರೆ ಗಾರೆ ಕೊರೆಯುವ 6 ಮಿ.ಮೀ. ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ ಗುಂಡಿ ಆಫ್ ಮಾಡಿ, ನೀರು ಹನಿಸುತ್ತ ನಿಧಾನಕ್ಕೆ ಕೊರೆಯಿರಿ. ಹ್ಯಾಮರ್ ಹಾಕಿದರೆ ಹೆಂಚು ಎರಡು ಹೋಳು.

ಒರಳು, ಬೀಸುವ ಕಲ್ಲುಗಳನ್ನು ಅಂಗಳದಲ್ಲೇ ಇಡಿ. ಮಹಡಿ ಮೇಲೆ, ಅದರಲ್ಲೂ ಮರದ ಹಲಗೆಯ ಅಟ್ಟದ ಮೇಲೆ ಬೇಡ. ಒರಳಿನ ಗುಳಿಯಲ್ಲಿ ಮಳೆನೀರು ನಿಲ್ಲುತ್ತದೆ, ಮರಳು ತುಂಬಿ ಮೇಲೆ ಜರೀಗಿಡ ನೆಟ್ಟರೆ ಸೊಳ್ಳೆಗೂ ಜಾಗವಿಲ್ಲ.

10. ಮಳೆಗಾಲದ ನಿಗಾ

ಮೇ ಕೊನೆಯಲ್ಲಿ ಹಿತ್ತಾಳೆಗೆ ಇನ್ನೊಮ್ಮೆ ಮೇಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಕನ್ನಡಿಯ ಹಿಂದೆ ಟಾರ್ಚ್ ಬಿಡಿ. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಹಗುರವಾಗಿ ಇನ್ನೊಮ್ಮೆ. ಸ್ಪಿರಿಟ್ ಪಿಯು ಮೇಲೆ ನಡೆಯುತ್ತದೆ, ಫ್ರೆಂಚ್ ಪಾಲಿಶನ್ನು ಕರಗಿಸಿಬಿಡುತ್ತದೆ. ನೀರು ಹಾಕಿ ಒರೆಸಿದರೆ ವಾರದಲ್ಲಿ ಬೂಷ್ಟು ವಾಪಸ್. ಅದೇ ಜಾಗದಲ್ಲಿ ಮೂರನೇ ಸಲ ಕಂಡರೆ ತಪ್ಪು ಚೌಕಟ್ಟಿನದಲ್ಲ, ಗೋಡೆ ಹೊರಗಿನಿಂದ ನೀರು ಕುಡಿಯುತ್ತಿದೆ. ಕನ್ನಡಿ ಇಳಿಸಿ ಒಳಗೋಡೆಗೆ ಹಾಕಿ, ಹೊರಗೋಡೆಯ ಬಿರುಕನ್ನು ದೀಪಾವಳಿ ಕಳೆದ ಮೇಲೆ ಮುಚ್ಚಿಸಿ.